ಊರೂ ಬೆಳೀಬೇಕು, ಹಳ್ಳವೂ ಹರೀಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಗರ ಬೆಳೆಸೋದು ಒಂದು ಕಡೆ, ಅದರೊಳಗಿನ ಕೆರೆ, ಮರ, ಜೌಗು, ಜೀವಗಳನ್ನು ಉಳಿಸೋದು ಇನ್ನೊಂದು ಕಡೆ. ಈ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಎದುರು ಕೂತು ಕೇಳಿದವರಿದ್ದಾರೆ, ಬರೆದು ಕೇಳಿದವರಿದ್ದಾರೆ, ಜಗಳಕ್ಕೇ ಕೇಳಿದವರೂ ಇದ್ದಾರೆ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಎಲ್ಲಿಂದ ಬೇಕಾದರೂ ಓದಬಹುದು.

## ಮೊದಮೊದಲು ಕೇಳುವವು

ಊರು ಬೆಳೀಬೇಕಲ್ವಾ? ಮರ, ಕೆರೆ ಅಂತ ಕೂತ್ರೆ ಮನೆ ಎಲ್ಲಿ ಕಟ್ಟೋದು?

ಬೆಳೀಲೇಬೇಕು. ಜನ ಕೆಲಸ ಹುಡುಕಿಕೊಂಡು ನಗರಕ್ಕೆ ಬರುತ್ತಾರೆ. ಅವರಿಗೆ ಮನೆ ಬೇಕು, ಬಸ್ಸು ಬೇಕು, ಶಾಲೆ, ಆಸ್ಪತ್ರೆ ಬೇಕು. ಇನ್ನು ಸಾಕು, ಕಟ್ಟೋದು ನಿಲ್ಲಿಸಿ ಅನ್ನೋದು ಈಗಾಗಲೇ ಸ್ವಂತ ಮನೆ ಇರುವವರಿಗೆ ಸುಲಭ. ನಾನು ಅದನ್ನು ಹೇಳುತ್ತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ನನ್ನ ತಕರಾರು. ಮಳೆ ನೀರು ಯಾವ ಕಡೆಯಿಂದ ಬಂದು ಎಲ್ಲಿ ನಿಲ್ಲುತ್ತದೆ, ಹಳೇ ಮರಗಳು ಎಲ್ಲಿವೆ, ಯಾವ ತಗ್ಗಿನಲ್ಲಿ ಜೊಂಡು ಬೆಳೆದಿದೆ ಅಂತ ಮೊದಲು ನೆಲದ ಮೇಲೆ ನಡೆದು ನೋಡಿ, ಆಮೇಲೆ ರಸ್ತೆ, ಸೈಟು ಗುರುತು ಹಾಕಿದರೆ ಎರಡಕ್ಕೂ ಜಾಗ ಸಿಗುತ್ತದೆ. ಮೊದಲು ಚೌಕ ಚೌಕ ಸೈಟು ಕತ್ತರಿಸಿ, ಮಿಕ್ಕ ಮೂಲೆಗೆ ಹಸಿರು ಬಣ್ಣ ಬಳಿದರೆ ಎರಡೂ ಕೆಡುತ್ತವೆ. ಆ ಮನೆಗಳಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಆ ಮೂಲೆಯಲ್ಲಿ ಏನೂ ಬದುಕುವುದಿಲ್ಲ.

ಪಾರ್ಕ್ ಇದೆಯಲ್ಲ, ಅದು ಸಾಲದಾ?

ಪಾರ್ಕ್ ಬೇಕು. ಆದರೆ ಒಂದೇ ಮಟ್ಟಕ್ಕೆ ಕತ್ತರಿಸಿದ ಹುಲ್ಲು, ಸುತ್ತ ಟೈಲ್ಸ್, ದಿನಾ ಬೆಳಗ್ಗೆ ಗುಡಿಸಿ ತೆಗೆದ ತರಗೆಲೆ, ಇಷ್ಟೇ ಇರುವ ಪಾರ್ಕಿನಲ್ಲಿ ಜೀವ ಕಡಿಮೆ. ತರಗೆಲೆಯಡಿ ಎರೆಹುಳು, ಗೆದ್ದಲು, ಜೀರುಂಡೆ ಇರುತ್ತವೆ. ಅದನ್ನು ಕೆದಕಿ ತಿನ್ನಲು ಹಕ್ಕಿ ಬರುತ್ತದೆ. ಒಣಗಿದ ಕೊಂಬೆಯ ಪೊಟರೆಯಲ್ಲಿ ಗೂಬೆ, ಗಿಳಿ ಮರಿ ಮಾಡುತ್ತವೆ. ಒಂದನ್ನು ಗುಡಿಸಿ ಹಾಕಿದರೆ ಮುಂದಿನದು ಬರುವುದಿಲ್ಲ. ಈ ಕೊಂಡಿಗೇ ಪರಿಸರ ವ್ಯವಸ್ಥೆ ಅನ್ನೋದು.

ಇನ್ನೊಂದು ವಿಷಯ. ಕೆಸರು ತುಂಬಿದ ಜೌಗು, ಪೊದೆ ಬೆಳೆದ ಬಯಲು, ಬಂಡೆಗಳ ದಿಬ್ಬ, ಇವೆಲ್ಲ ದಾಖಲೆಯಲ್ಲಿ ‘ಪಾಳು’ ಅಂತಲೋ ‘ಖಾಲಿ’ ಅಂತಲೋ ಬರೆದಿರುವ ಜಾಗಗಳು. ನಗರದಲ್ಲಿ ಎಷ್ಟೋ ಸಲ ಅತಿ ಹೆಚ್ಚು ಜೀವ ಇರೋದು ಅಲ್ಲೇ. ಖಾಲಿ ಅಂತ ಬರೆದಿದ್ದರಿಂದಲೇ ಮೊದಲು ಹೋಗೋದೂ ಅದೇ.

ಇದರಿಂದ ಜನರಿಗೇನು ಲಾಭ? ಹಕ್ಕಿಗೋಸ್ಕರ ನಾವ್ಯಾಕೆ ಕಷ್ಟಪಡಬೇಕು?

ಹಕ್ಕಿಗೋಸ್ಕರ ಅಷ್ಟಿಷ್ಟು ಕಷ್ಟಪಟ್ಟರೆ ತಪ್ಪೇನಿಲ್ಲ ಅಂತ ನನ್ನ ನಂಬಿಕೆ. ಅದನ್ನು ಬಿಟ್ಟು ಬರೀ ಲೆಕ್ಕಕ್ಕೆ ಬಂದರೂ ಉದಾಹರಣೆಗೆ ಕೊರತೆಯಿಲ್ಲ.

ನ್ಯೂಯಾರ್ಕ್ ನಗರಕ್ಕೆ ಬೇಕಾದ ಕುಡಿಯುವ ನೀರಿನ ಬಹುಪಾಲು ದೂರದ ಕ್ಯಾಟ್‌ಸ್ಕಿಲ್ ಮತ್ತು ಡೆಲಾವೇರ್ ಜಲಾನಯನ ಪ್ರದೇಶದಿಂದ ಬರುತ್ತದೆ. 1990ರ ದಶಕದಲ್ಲಿ ಆ ನೀರಿಗೆ ಶುದ್ಧೀಕರಣ ಘಟಕ ಕಟ್ಟಬೇಕಾದ ಪರಿಸ್ಥಿತಿ ಬಂತು. ಅಂದಾಜು ಖರ್ಚು 600 ಕೋಟಿ ಡಾಲರಿಗೂ ಮೇಲೆ. ನಗರ ಬೇರೆ ದಾರಿ ಹಿಡಿಯಿತು. 1997ರಲ್ಲಿ ಅಲ್ಲಿನ ಊರುಗಳ ಜೊತೆ ಒಪ್ಪಂದ ಮಾಡಿಕೊಂಡು, ಕಾಡು ಕೊಂಡುಕೊಂಡಿತು, ರೈತರಿಗೆ ಹಣ ಕೊಟ್ಟು ಹಳ್ಳದ ದಡ ಉಳಿಸಿತು, ಮನೆಗಳ ಶೌಚಗುಂಡಿ ಸರಿಮಾಡಿಸಿತು. ಖರ್ಚು ಆ ಅಂದಾಜಿನ ಒಂದು ಸಣ್ಣ ಪಾಲು.

ಪೂರ್ವ ಕೋಲ್ಕತ್ತದ ಜೌಗು ಪ್ರದೇಶ ಇನ್ನೊಂದು. ಸುಮಾರು 12,500 ಹೆಕ್ಟೇರ್. ನಗರದ ಕೊಳಚೆ ನೀರು ಅಲ್ಲಿನ ಆಳವಿಲ್ಲದ ಕೊಳಗಳಿಗೆ ಹರಿಯುತ್ತದೆ. ಬಿಸಿಲು ಬಿದ್ದು ಪಾಚಿ ಬೆಳೆಯುತ್ತದೆ, ನೀರು ತಿಳಿಯಾಗುತ್ತದೆ, ಪಾಚಿ ತಿಂದು ಮೀನು ಬೆಳೆಯುತ್ತದೆ. ಮೀನುಗಾರರಿಗೆ ಇದು ತಲೆಮಾರಿನಿಂದ ಗೊತ್ತಿದ್ದ ಕಸುಬು. ಇದು ನಗರಕ್ಕೆ ಪುಕ್ಕಟೆಯಾಗಿ ಮಾಡುತ್ತಿರುವ ಕೆಲಸ ಎಂಥದ್ದು ಅಂತ ಲೆಕ್ಕ ಹಾಕಿ ಹೊರಗಿನವರಿಗೆ ತೋರಿಸಿದವರು ಧ್ರುಬಜ್ಯೋತಿ ಘೋಷ್ ಅನ್ನುವ ಎಂಜಿನಿಯರ್. 2002ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆ, ಅಂದರೆ ಜಗತ್ತಿನ ಮಹತ್ವದ ಜೌಗುಗಳ ಪಟ್ಟಿಯಲ್ಲಿ ಜಾಗ, ಸಿಕ್ಕಿತು. ಅದನ್ನು ಮುಚ್ಚಿ ಬಡಾವಣೆ ಮಾಡಿದರೆ ಅಷ್ಟೂ ಕೊಳಚೆಗೆ ಯಂತ್ರ, ಕರೆಂಟು, ಸಂಬಳ ಎಲ್ಲ ಹೊಂದಿಸಬೇಕು, ಅದೂ ಪ್ರತಿ ವರ್ಷ.

## ನೀರು ಮತ್ತು ಮರ

ಒಂದು ಮಳೆಗೇ ರಸ್ತೆಯೆಲ್ಲ ಮುಳುಗುತ್ತೆ. ಚರಂಡಿ ದೊಡ್ಡದು ಮಾಡಿದ್ರೆ ಮುಗೀತಲ್ವಾ?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ತಾರಸಿ ಮೇಲೆ 50 ಮಿಲಿಮೀಟರ್ ಬಿದ್ದರೆ 5,000 ಲೀಟರ್. ಒಂದು ಮನೆಯಿಂದ ಒಂದು ಟ್ಯಾಂಕರ್. ಸಾವಿರ ಮನೆಯಿದ್ದರೆ ಸಾವಿರ ಟ್ಯಾಂಕರ್, ಎಲ್ಲ ಒಂದೇ ಹೊತ್ತಿಗೆ ಬೀದಿಗೆ. ಅದೇ ಜಾಗ ಹುಲ್ಲು, ಮರ ಇದ್ದ ಮಣ್ಣಾಗಿದ್ದಾಗ ಇದರಲ್ಲಿ ಬಹಳಷ್ಟು ಇಂಗುತ್ತಿತ್ತು, ಉಳಿದದ್ದು ನಿಧಾನವಾಗಿ ಹಳ್ಳಕ್ಕೆ ಬರುತ್ತಿತ್ತು.

ಚರಂಡಿ ದೊಡ್ಡದಾದರೆ ನೀರು ಇನ್ನೂ ಜೋರಾಗಿ ಕೆಳಗಿನ ಬಡಾವಣೆಗೆ ಹೋಗಿ ಬೀಳುತ್ತದೆ. ನಿಮ್ಮ ಬೀದಿ ಉಳಿದು ಅವರ ಬೀದಿ ಮುಳುಗುತ್ತದೆ, ಅಷ್ಟೇ. ನೀರಿಗೆ ನಿಲ್ಲಲು ಜಾಗ ಬೇಕು. 2011ರ ಜುಲೈ 2ರಂದು ಕೋಪನ್‌ಹೇಗನ್ ನಗರದಲ್ಲಿ ಕೆಲವೇ ಗಂಟೆಗಳಲ್ಲಿ ಭಾರಿ ಮಳೆ ಸುರಿದು ನೆಲಮಾಳಿಗೆಗಳೆಲ್ಲ ತುಂಬಿದವು. ಮರುವರ್ಷ ಅವರು ಮಾಡಿದ ಯೋಜನೆಯಲ್ಲಿ ಕೊಳವೆಗಳ ಜೊತೆಗೆ ಪಾರ್ಕು, ರಸ್ತೆಗಳನ್ನೂ ನೀರು ಹಿಡಿಯುವ ಪಾತ್ರೆ ಮಾಡಿಕೊಂಡರು. ಎಂಗ್‌ಹೇವ್ ಪಾರ್ಕ್ ಅನ್ನೋ ಹಳೇ ಉದ್ಯಾನವನ್ನು ತಗ್ಗು ಮಾಡಿ, ಸುತ್ತ ಗೋಡೆ ಕಟ್ಟಿದ್ದಾರೆ. ಮಿಕ್ಕ ದಿನ ಮಕ್ಕಳು ಆಡುವ ಜಾಗ. ದೊಡ್ಡ ಮಳೆ ಬಂದ ದಿನ 20 ಸಾವಿರ ಘನ ಮೀಟರಿಗೂ ಹೆಚ್ಚು ನೀರು ಅಲ್ಲಿ ನಿಂತು ಆಮೇಲೆ ಹರಿದು ಹೋಗುತ್ತದೆ. ಕೆರೆ ತುಂಬಿ ಕೋಡಿ ಬಿದ್ದು ಮುಂದಿನ ಕೆರೆಗೆ ಹೋಗುವುದನ್ನು ನೋಡಿದವರಿಗೆ ಇದು ಹೊಸದಲ್ಲ ಅಲ್ವಾ?

ಒಂದು ಮರ ಕಡಿದ್ರೆ ಹತ್ತು ಸಸಿ ನೆಡ್ತಾರಂತೆ. ಆಮೇಲೂ ಏನು ತಕರಾರು?

ಮೂರು ತಕರಾರು ಇದೆ. ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿದವು ಅಂತ ಮೂರು ವರ್ಷ ಬಿಟ್ಟು ಎಣಿಸುವವರು ಕಡಿಮೆ. ನೆಡೋದು ಎಲ್ಲೋ ಊರಾಚೆ, ನೆರಳು ಹೋದದ್ದು ಇಲ್ಲಿಯ ಬಸ್ ಸ್ಟಾಪಿನದು. ಮೂರನೆಯದು ಸಮಯ. ಎಂಬತ್ತು ವರ್ಷದ ಮರದ ಎಲೆಗಳ ಒಟ್ಟು ವಿಸ್ತಾರ, ಅದರ ಪೊಟರೆ, ಅದು ಹೀರುವ ನೀರು, ಇವು ಹತ್ತು ಸಸಿ ಸೇರಿಸಿದರೂ ಬರುವುದಿಲ್ಲ. ಬರಬೇಕಾದರೆ ಇನ್ನೂ ದಶಕಗಳು ಕಾಯಬೇಕು, ಅಷ್ಟರಲ್ಲಿ ಇನ್ನೊಂದು ರಸ್ತೆ ಅಗಲ ಮಾಡುತ್ತಾರೆ. ಹಾಗಾಗಿ ನನ್ನ ಅಭಿಪ್ರಾಯ ನೇರ: ಮೊದಲು ಇರೋದನ್ನು ಉಳಿಸಿ, ಆಮೇಲೆ ಹೊಸದು ನೆಡಿ.

ಬುಡಸಮೇತ ಎತ್ತಿ ಬೇರೆ ಕಡೆ ನೆಡಬಹುದಲ್ಲ?

ಕೆಲವು ಜಾತಿಗೆ ಆಗುತ್ತದೆ. ಆಲ, ಅರಳಿ ಜಾತಿಯವು ಗಟ್ಟಿ. ಆದರೆ ಬೇರು ಕೊಂಬೆಗಳಿಗಿಂತ ದೂರಕ್ಕೆ ಹರಡಿರುತ್ತದೆ, ಎತ್ತುವಾಗ ಅದರಲ್ಲಿ ಬಹುಪಾಲು ಕತ್ತರಿಸಿ ಹೋಗುತ್ತದೆ. ತಿಂಗಳುಗಟ್ಟಲೆ ಮೊದಲೇ ಸುತ್ತ ಅಗೆದು ಹೊಸ ಬೇರು ಬರಿಸಿ, ಎತ್ತಿದ ಮೇಲೆ ಒಂದೆರಡು ವರ್ಷ ನೀರುಣಿಸಿದರೆ ಬದುಕೀತು. ಒಂದೇ ರಾತ್ರಿ ಕ್ರೇನ್ ತಂದು ಎತ್ತಿದರೆ ಅದು ನಿಧಾನವಾಗಿ ಕಡಿದ ಹಾಗೆ. ಬೇರೆ ಏನೂ ದಾರಿ ಇಲ್ಲದಾಗ ಮಾಡಬೇಕಾದ್ದು ಇದು.

ರಸ್ತೆ ಬದಿ ಮರಗಳು ಗಾಳಿ ಬಂದ್ರೆ ಬೀಳ್ತಾವೆ. ಜನರ ಪ್ರಾಣಕ್ಕಿಂತ ಮರ ದೊಡ್ಡದಾ?

ಪ್ರಾಣವೇ ದೊಡ್ಡದು. ಅದಕ್ಕೇ ಮರ ಯಾಕೆ ಬಿತ್ತು ಅಂತ ನೋಡಬೇಕು.

ನಾನು ದಿನಾ ಹೋಗುವ ದಾರಿಯಲ್ಲಿ ಒಂದು ಮರ ಇತ್ತು. ಫುಟ್‌ಪಾತ್ ಮಾಡಿದವರು ಕಾಂಡದ ಸುತ್ತ ಅಂಗೈಯಗಲ ಜಾಗವನ್ನೂ ಬಿಡದೆ ಸಿಮೆಂಟ್ ಸುರಿದಿದ್ದರು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಕಾಂಡ ಉಬ್ಬಿ, ತೊಗಟೆ ತುಟಿಯ ಹಾಗೆ ಸಿಮೆಂಟಿನ ಮೇಲೆ ಮಡಚಿಕೊಂಡಿತು. ಬೆರಳಿಂದ ಒತ್ತಿದರೆ ಆ ಜಾಗ ಮೆತ್ತಗಿತ್ತು, ಒದ್ದೆ ಮರದ ಹುಳಿ ವಾಸನೆ ಬರುತ್ತಿತ್ತು. ಒಂದು ಸಂಜೆ ಬಿತ್ತು. ಬಿದ್ದ ಬುಡ ನೋಡಿದೆ. ಒಂದು ಮಗ್ಗುಲಲ್ಲಿ ಬೇರೇ ಇಲ್ಲ. ಕೇಬಲ್‌ಗೆ ಅಗೆದ ಕಾಲುವೆಯ ಗೆರೆಗೆ ಸರಿಯಾಗಿ, ಚಾಕು ಹಾಕಿದ ಹಾಗೆ ನೇರವಾಗಿ ತುಂಡಾಗಿತ್ತು. ಮಾರನೇ ವಾರ ಅದೇ ಸಾಲಿನ ಇನ್ನೆರಡು ಮರ ‘ಅಪಾಯಕಾರಿ’ ಅಂತ ಕಡಿದರು. ಸಿಮೆಂಟು ಹಾಗೇ ಉಳಿಯಿತು.

ಬೇರಿನ ಬಹುಪಾಲು ಮೇಲಿನ ಅರ್ಧ, ಮುಕ್ಕಾಲು ಮೀಟರಿನೊಳಗೆ ಇರುತ್ತದೆ. ಅದಕ್ಕೆ ಗಾಳಿ, ನೀರು ಎರಡೂ ಬೇಕು. ಸ್ಟಾಕ್‌ಹೋಮ್ ನಗರದಲ್ಲಿ ಫುಟ್‌ಪಾತಿನ ಅಡಿಗೆ ದಪ್ಪ ಜಲ್ಲಿ ತುಂಬಿ, ಸಂದಿಯಲ್ಲಿ ಮಣ್ಣು ಮತ್ತು ಇದ್ದಿಲು ಸೇರಿಸುತ್ತಾರೆ. ಜಲ್ಲಿ ಭಾರ ಹೊರುತ್ತದೆ, ಸಂದಿಯಲ್ಲಿ ಬೇರು ಓಡುತ್ತದೆ, ಮಳೆ ನೀರೂ ಅಲ್ಲಿಗೇ ಇಳಿಯುತ್ತದೆ. ಸೊರಗಿದ್ದ ಮರಗಳೂ ಚೇತರಿಸಿಕೊಂಡವು.

ದಟ್ಟವಾಗಿ ಗಿಡ ನೆಡೋ ಮಿಯಾವಾಕಿ ಕಾಡು ಎಲ್ಲ ಕಡೆ ಮಾಡಿದ್ರೆ?

ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಹೇಳಿಕೊಟ್ಟದ್ದು ಆಯಾ ಜಾಗದ ನಾಡತಳಿಗಳನ್ನು ಒತ್ತೊತ್ತಾಗಿ ನೆಡೋ ಕ್ರಮ. ಮಣ್ಣು ಕೆಟ್ಟ ಸಣ್ಣ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಹುಲ್ಲುಗಾವಲಿನಲ್ಲಿ, ಕೆರೆಯಂಗಳದಲ್ಲಿ, ಬಂಡೆ ದಿಬ್ಬದಲ್ಲಿ ಇದನ್ನು ಮಾಡಬೇಡಿ. ಅಲ್ಲಿ ಗೂಡು ಕಟ್ಟುವ ನೆಲದ ಹಕ್ಕಿಗಳಿಗೆ ಬಯಲೇ ಮನೆ. ಮರ ಇಲ್ಲದ ಜಾಗವೆಲ್ಲ ಬೋಳು ಅಂದುಕೊಳ್ಳೋದು ನಾವು ಜಾಸ್ತಿ ಮಾಡುವ ತಪ್ಪು.

## ಕಟ್ಟೋದು ಹೇಗೆ, ಎಲ್ಲಿ

ಎತ್ತರದ ಕಟ್ಟಡ ಒಳ್ಳೇದಾ, ಅಂಗಳ ತೋಟ ಇರೋ ಮನೆಗಳು ಒಳ್ಳೇದಾ?

ನೋಡಲು ತೋಟದ ಮನೆಯೇ ಹಸಿರು. ಆದರೆ ಹತ್ತು ಸಾವಿರ ಕುಟುಂಬಗಳಿಗೆ ಅಂಥ ಮನೆ ಕೊಟ್ಟರೆ ಊರು ಮೈಲಿಗಟ್ಟಲೆ ಹರಡುತ್ತದೆ, ಎಲ್ಲರಿಗೂ ಕಾರು ಬೇಕಾಗುತ್ತದೆ, ಹೊರಗಿನ ಕಾಡು, ಹೊಲ, ಜೌಗು ಎಲ್ಲ ಹೋಗುತ್ತದೆ. ಅದೇ ಜನ ಬಸ್ಸು, ರೈಲಿಗೆ ಹತ್ತಿರ ನಾಲ್ಕೈದು ಮಹಡಿಯಲ್ಲಿ ಒತ್ತಾಗಿ ಇದ್ದರೆ ಆ ನೆಲ ಉಳಿಯುತ್ತದೆ. ಕಾಡುಜೀವಿಗಳಿಗೆ ದೊಡ್ಡದಾದ, ತುಂಡಾಗದ ನೆಲ ಬೇಕು. ಮನೆ ಮನೆಯ ಕುಂಡ ಅದಕ್ಕೆ ಬದಲಿಯಲ್ಲ.

ಹಾಗಂತ ಒತ್ತಾಗಿ ಕಟ್ಟೋದು ಅಂದರೆ ಒಂದೂ ಮರ ಇಲ್ಲದ ಹಾಗೆ ಕಟ್ಟೋದಲ್ಲ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಕೈ ಇಡಲಾಗದು, ರಾತ್ರಿಯೂ ಅದು ಕಾವು ಬಿಡುತ್ತಲೇ ಇರುತ್ತದೆ. ನಗರ ಅರಣ್ಯದ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಒಂದು ಸರಳ ಅಳತೆ ಕೊಟ್ಟರು: ಪ್ರತಿ ಮನೆಯಿಂದ ಕಾಣುವಂತೆ ಕನಿಷ್ಠ 3 ಮರ, ಪ್ರತಿ ಬಡಾವಣೆಗೆ ಶೇ. 30 ಮರದ ನೆರಳು, ಹಸಿರು ತಾಣಕ್ಕೆ 300 ಮೀಟರಿಗಿಂತ ದೂರ ಇರಬಾರದು. ನಿಮ್ಮ ಕಿಟಕಿಯಿಂದಲೇ ಇದನ್ನು ಪರೀಕ್ಷೆ ಮಾಡಬಹುದು.

ಚಿರತೆ, ಕೋತಿ ಊರೊಳಗೆ ಬರ್ತಿವೆ. ಹಿಡಿದು ದೂರ ಬಿಟ್ರೆ ಆಗಲ್ವಾ?

ಅವು ಬಂದಿರೋದು ಅಂತ ನಾವು ಅಂದುಕೊಂಡಿದ್ದೇವೆ. ಎಷ್ಟೋ ಕಡೆ ಅವುಗಳ ದಾರಿಯ ಮೇಲೆ ನಾವು ಮನೆ ಕಟ್ಟಿದ್ದೇವೆ. ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನೂರು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಸುತ್ತ ಊರೇ ಊರು, ಒಳಗೆ ಚಿರತೆಗಳಿವೆ. ಹಿಡಿದು ಬೇರೆ ಕಡೆ ಬಿಟ್ಟ ಚಿರತೆ ಗೊತ್ತಿಲ್ಲದ ಜಾಗದಲ್ಲಿ ದಿಕ್ಕು ಕಾಣದೆ ಅಲೆಯುತ್ತದೆ, ಇಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಕಸ ಸರಿಯಾಗಿ ಎತ್ತಿದರೆ ಬೀದಿನಾಯಿ ಕಡಿಮೆಯಾಗುತ್ತವೆ, ನಾಯಿ ಕಡಿಮೆಯಾದರೆ ಚಿರತೆಗೂ ಊರಂಚಿನಲ್ಲಿ ಕೆಲಸವಿರುವುದಿಲ್ಲ. ಸಂಜೆ ಮಕ್ಕಳನ್ನು ಒಬ್ಬೊಬ್ಬರನ್ನೇ ಬಿಡದಿರೋದು, ದಾರಿಗೆ ದೀಪ, ಮನೆಯಲ್ಲೇ ಶೌಚಾಲಯ, ಪ್ರಾಣ ಉಳಿಸೋದು ಇವೇ.

ದೊಡ್ಡ ಉಪಾಯ ಅಂದರೆ ದಾರಿ ಬಿಟ್ಟುಕೊಡೋದು. ಸಿಂಗಪುರದಲ್ಲಿ ಹೆದ್ದಾರಿ ಒಂದು ಕಾಡನ್ನು ಎರಡು ತುಂಡು ಮಾಡಿತ್ತು. 2013ರಲ್ಲಿ ರಸ್ತೆಯ ಮೇಲೆ ಮಣ್ಣು ತುಂಬಿದ ಅಗಲವಾದ ಸೇತುವೆ ಕಟ್ಟಿ ಮರ ನೆಟ್ಟರು. ಈಗ ಚಿಪ್ಪುಹಂದಿಯಂಥ ನಾಚಿಕೆಯ ಜೀವವೂ ಅದರ ಮೇಲೆ ಓಡಾಡುತ್ತದೆ. ಆದರೆ ಮೊದಲೇ ರಸ್ತೆಯನ್ನು ಸ್ವಲ್ಪ ಬಳಸಿ ಹಾಕಿದ್ದರೆ ಇಷ್ಟು ಖರ್ಚೇ ಬೇಕಿರಲಿಲ್ಲ.

ಗಾಜಿನ ಕಟ್ಟಡಕ್ಕೂ ಹಕ್ಕಿಗೂ ಏನು ಸಂಬಂಧ?

ಗಾಜಿನಲ್ಲಿ ಆಕಾಶ, ಮರ ಕಾಣುತ್ತದೆ. ಹಕ್ಕಿ ಅದನ್ನೇ ನಿಜ ಅಂದುಕೊಂಡು ಹಾರಿ ಬಡಿಯುತ್ತದೆ. 2023ರ ಅಕ್ಟೋಬರಿನಲ್ಲಿ ಶಿಕಾಗೋದ ಮೆಕ್‌ಕಾರ್ಮಿಕ್ ಪ್ಲೇಸ್ ಎಂಬ ಒಂದೇ ಕಟ್ಟಡಕ್ಕೆ ಒಂದೇ ದಿನ ಬಡಿದು ಸುಮಾರು ಸಾವಿರ ವಲಸೆ ಹಕ್ಕಿ ಸತ್ತವು. ಮರುವರ್ಷ ಆ ಕಿಟಕಿಗಳಿಗೆ ಸಣ್ಣ ಚುಕ್ಕೆಗಳ ಹಾಳೆ ಅಂಟಿಸಿದರು. ಸಾವು ತೀರಾ ಕಡಿಮೆಯಾಯಿತು. ನಗರದ ಸಮಸ್ಯೆಗಳಲ್ಲಿ ಇಷ್ಟು ಸುಲಭವಾಗಿ ಬಗೆಹರಿಯೋದು ಬೇರೆ ಇಲ್ಲ, ಇದನ್ನಾದರೂ ಮಾಡೋಣ. ರಾತ್ರಿ ಬೇಡದ ದೀಪ ಆರಿಸಿ, ಬೇಕಾದ ದೀಪವನ್ನು ಕೆಳಮುಖ ಮಾಡಿ. ಹಾತೆಗಳಿಗೂ ಒಳ್ಳೆಯದು, ನಿಮ್ಮ ನಿದ್ದೆಗೂ.

## ಕಷ್ಟದ ಪ್ರಶ್ನೆಗಳು

ಒಮ್ಮೆ ಕಾಂಕ್ರೀಟ್ ಆದ ಹಳ್ಳ ಮತ್ತೆ ಬದುಕುತ್ತಾ?

ಬದುಕುತ್ತದೆ, ಆದರೆ ಎಷ್ಟು ಅನ್ನೋದು ನಾವು ಏನು ಬಿಟ್ಟುಕೊಡುತ್ತೇವೆ ಅನ್ನೋದರ ಮೇಲೆ. ಸಿಯೋಲ್ ನಗರದ ಚೊಂಗ್ಯೆಚೊನ್ ತೊರೆಯ ಮೇಲೆ ರಸ್ತೆ, ಅದರ ಮೇಲೆ ಮೇಲ್ಸೇತುವೆ ಇತ್ತು. 2003ರಿಂದ 2005ರೊಳಗೆ ಅದನ್ನೆಲ್ಲ ಒಡೆದು ಸುಮಾರು 5.8 ಕಿಲೋಮೀಟರ್ ತೊರೆ ಹೊರತೆಗೆದರು. ಸುತ್ತ ತಂಪಾಯಿತು, ಮೀನು ಬಂತು, ಜನ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ಆದರೆ ಅಲ್ಲಿ ಹರಿಯೋ ನೀರಿನ ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿದ್ದು. ಪಂಪ್ ನಿಂತರೆ ತೊರೆ ಸೊರಗುತ್ತದೆ.

ಸಿಂಗಪುರದ ಬಿಶಾನ್ ಪಾರ್ಕಿನಲ್ಲಿ ಮಾಡಿದ್ದು ಬೇರೆ. 2.7 ಕಿಲೋಮೀಟರ್ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, 3.2 ಕಿಲೋಮೀಟರ್ ಅಂಕುಡೊಂಕು ನದಿ ಮಾಡಿದರು. ದಡಕ್ಕೆ ಗಿಡ, ಬಳ್ಳಿ, ಕಲ್ಲು. ಮಳೆ ಬಂದಾಗ ನದಿ ಪಾರ್ಕಿನೊಳಗೇ ಹರಡುತ್ತದೆ. 2012ರಲ್ಲಿ ತೆರೆದ ಮೇಲೆ ನೀರುನಾಯಿಗಳು ತಾವಾಗೇ ಬಂದವು. ನದಿಗೆ ಹರಡಲು ಜಾಗ ಬಿಟ್ಟಿದ್ದರಿಂದ ಇದು ಆಯಿತು. ನಮ್ಮಲ್ಲಿ ಎಷ್ಟೋ ಕಡೆ ‘ಅಭಿವೃದ್ಧಿ’ ಅಂದರೆ ಕೆರೆಯ ಸುತ್ತ ಕಲ್ಲುಗೋಡೆ, ಟೈಲ್ಸ್, ಕಾರಂಜಿ. ಜೊಂಡು ಕಿತ್ತ ಮೇಲೆ ನೀರುಕೋಳಿ ಎಲ್ಲಿ ಮೊಟ್ಟೆ ಇಡಬೇಕು?

ಇಲ್ಲಿ ಹಾಳಾದ್ದನ್ನ ಬೇರೆ ಕಡೆ ತುಂಬಿಕೊಡ್ತೀವಿ ಅಂತಾರೆ. ನಂಬಬಹುದಾ?

ಷರತ್ತಿನ ಮೇಲೆ. ಇಂಗ್ಲೆಂಡಿನಲ್ಲಿ 2024ರ ಫೆಬ್ರವರಿಯಿಂದ ದೊಡ್ಡ ಕಟ್ಟಡ ಯೋಜನೆಗಳು ಮೊದಲಿದ್ದಕ್ಕಿಂತ ಕನಿಷ್ಠ ಶೇ. 10 ಹೆಚ್ಚು ಜೀವವೈವಿಧ್ಯ ತೋರಿಸಬೇಕು, ಅದನ್ನು 30 ವರ್ಷ ನೋಡಿಕೊಳ್ಳಬೇಕು ಅನ್ನೋ ಕಾನೂನಿದೆ. ಅಳತೆಯೂ ಅವಧಿಯೂ ಬರವಣಿಗೆಯಲ್ಲಿರೋದು ಅದರ ಬಲ. ಆದರೆ ಯಾವುದೇ ಅಳತೆಯಲ್ಲೂ ಹಳೇ ಕಾಡು, ಹಳೇ ಜೌಗಿಗೆ ಬದಲಿ ಇಲ್ಲ. ಅವನ್ನು ಅಂಥ ವ್ಯಾಪಾರದಿಂದ ಪೂರ್ತಿ ಹೊರಗಿಡಬೇಕು.

ಕೆರೆ ಚೆಂದ ಆದ ಮೇಲೆ ಬಾಡಿಗೆ ಏರಿತು, ಬಡವರು ಖಾಲಿ ಮಾಡಿದ್ರು. ಇದು ನ್ಯಾಯನಾ?

ಅಲ್ಲ. ನ್ಯೂಯಾರ್ಕಿನಲ್ಲಿ ಹಳೇ ರೈಲು ಹಳಿಯ ಮೇಲೆ ಮಾಡಿದ ಹೈಲೈನ್ ಉದ್ಯಾನ 2009ರಲ್ಲಿ ತೆರೆದ ಮೇಲೆ ಅದರ ಸುತ್ತ ಆಸ್ತಿ ಬೆಲೆ ಗಗನಕ್ಕೇರಿದ್ದು ಎಲ್ಲರಿಗೂ ಗೊತ್ತು. ಕೊಳಚೆ, ಸೊಳ್ಳೆ ಇದ್ದಾಗ ಅಲ್ಲೇ ಇದ್ದವರಿಗೆ ತಂಪು ಬಂದಾಗ ಜಾಗವಿಲ್ಲ ಅನ್ನೋದು ನನಗೆ ಬಹಳ ನೋವಿನ ವಿಷಯ. ಕೆಲಸ ಶುರುವಾಗುವ ಮೊದಲೇ ಅಲ್ಲಿನವರ ಮನೆ ಹಕ್ಕು, ಬಾಡಿಗೆ ಮಿತಿ ಬರವಣಿಗೆಯಲ್ಲಿ ಆಗಬೇಕು. ಒಂದೇ ಕಡೆ ಒಂದು ದೊಡ್ಡ ಚೆಂದದ ಉದ್ಯಾನ ಮಾಡುವ ಬದಲು ಹತ್ತಾರು ಬೀದಿಗಳಿಗೆ ನೆರಳು ಹಂಚಿದರೆ ಬೆಲೆಯೂ ಅಷ್ಟು ಜಿಗಿಯುವುದಿಲ್ಲ. ಮೀನು ಹಿಡಿಯುವವರು, ಹುಲ್ಲು ಕೊಯ್ಯುವವರನ್ನು ಬೇಲಿ ಹಾಕಿ ಹೊರಗೆ ಕಳಿಸಿದರೆ ಕೆರೆಗೆ ಏನಾಗುತ್ತಿದೆ ಅಂತ ಮೊದಲು ಗೊತ್ತಾಗುವ ಕಣ್ಣುಗಳೇ ಹೋಗುತ್ತವೆ.

ಯೋಜನೆಯ ವರದಿ ಕೈಗೆ ಬಂದ್ರೆ ಏನು ನೋಡ್ಬೇಕು? ನಾನು ಎಂಜಿನಿಯರ್ ಅಲ್ಲ.

ಎಂಜಿನಿಯರ್ ಆಗಬೇಕಿಲ್ಲ. ಮೊದಲು ಜೀವಿಗಳ ಸಮೀಕ್ಷೆ ಯಾವ ತಿಂಗಳಲ್ಲಿ ಮಾಡಿದ್ದಾರೆ ನೋಡಿ. ಕಡು ಬೇಸಿಗೆಯ ಎರಡು ದಿನ ಹೋಗಿ ಬಂದು ಕಪ್ಪೆ ಇಲ್ಲ ಅಂದರೆ ಅದು ಸಮೀಕ್ಷೆ ಅಲ್ಲ. ವಲಸೆ ಹಕ್ಕಿ ಚಳಿಗಾಲದಲ್ಲಿ ಬರುತ್ತದೆ. ಆಮೇಲೆ ನಕ್ಷೆಯಲ್ಲಿ ತಗ್ಗಿನ ಗೆರೆಗಳನ್ನು ಹುಡುಕಿ, ಹಳೇ ನಕ್ಷೆ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಿ. ಹಳೆಯದರಲ್ಲಿ ಇದ್ದ ಕಾಲುವೆ ಹೊಸದರಲ್ಲಿ ಮಾಯವಾಗಿದ್ದರೆ ಅಲ್ಲೇ ಬೆರಳಿಡಿ. ಎಷ್ಟು ನೆಲಕ್ಕೆ ಕಾಂಕ್ರೀಟ್, ಡಾಂಬರು ಬೀಳುತ್ತದೆ ಕೇಳಿ. ಜಲಾನಯನದ ಶೇ. 10ರಷ್ಟು ನೆಲ ನೀರಿಳಿಯದಂತಾದರೆ ಸಾಕು, ತೊರೆಯಲ್ಲಿ ಹಾಳಾಗುವ ಗುರುತು ಕಾಣಲು ಶುರುವಾಗುತ್ತದೆ ಅಂತ ತುಂಬಾ ಕಡೆ ಕಂಡುಬಂದಿದೆ. ಹಾಗಾಗಿ ಈ ಒಂದು ಯೋಜನೆ ಸಣ್ಣದು ಅನ್ನೋ ಉತ್ತರಕ್ಕೆ ಒಪ್ಪಬೇಡಿ. ಅದೇ ಹಳ್ಳಕ್ಕೆ ಸೇರುವ ಉಳಿದ ಯೋಜನೆಗಳನ್ನೂ ಕೂಡಿಸಿ ಲೆಕ್ಕ ಕೇಳಿ.

ಕೊನೆಗೆ ದುಡ್ಡು. ಕಟ್ಟಲು ಎಷ್ಟು ಅಂತ ಬರೆದಿರುತ್ತಾರೆ. ಐದನೇ ವರ್ಷ ಹೂಳು ಯಾರು ತೆಗೆಯುತ್ತಾರೆ, ಆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಬರೆದಿರುವುದಿಲ್ಲ. ಎಲ್ಲರೂ ಇರುವ ಸಭೆಯಲ್ಲಿ ಎದ್ದು ಇದೊಂದನ್ನು ಕೇಳಿ, ಉತ್ತರ ಬರವಣಿಗೆಯಲ್ಲಿ ಪಡೆಯಿರಿ.

ನಾನೊಬ್ಬ ಏನು ಮಾಡೋಕಾಗುತ್ತೆ?

ನಿಮ್ಮ ಬೀದಿಯ ಮರಗಳನ್ನು ಎಣಿಸಿ ಬರೆದಿಡಿ: ಜಾತಿ, ಸುತ್ತಳತೆ, ಒಂದು ಫೋಟೋ, ದಿನಾಂಕ. ಕಡಿಯಲು ಬಂದ ದಿನ ಹುಡುಕಹೊರಟರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮೆಲ್ಬರ್ನ್ ನಗರಾಡಳಿತ ಒಂದೊಂದು ಮರಕ್ಕೂ ಒಂದು ಸಂಖ್ಯೆ, ಇಮೇಲ್ ವಿಳಾಸ ಕೊಟ್ಟಿತ್ತು, ಮುರಿದ ಕೊಂಬೆಯ ದೂರು ಬರಲಿ ಅಂತ. ಜನ ಮರಗಳಿಗೆ ಪ್ರೀತಿಯ ಪತ್ರ ಬರೆದರು. ದೊಡ್ಡ ಮಳೆ ಬಂದ ದಿನ ಕೊಡೆ ಹಿಡಿದು ಹೊರಗೆ ಹೋಗಿ, ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು ಅಂತ ಫೋಟೋ ತೆಗೆದು ಸಮಯ ಬರೆದಿಡಿ. ಮರದ ಬುಡದ ಸಿಮೆಂಟನ್ನು ಒಂದು ಮೀಟರ್ ಅಗಲಕ್ಕೆ ಒಡೆಸಲು ಅರ್ಜಿ ಕೊಡಿ. ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರ ಸಹಿಯೂ ಇರಲಿ.